ಮೇಷ್ಟ್ರು ಬರೆದ ಹಾಗೆ

ಹರಿಹರದಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿರ, ಎರಡು ಕೋಣೆಯ ಮನೆಯಲ್ಲಿ ಶಂಭುಲಿಂಗಯ್ಯ ಇದ್ದರು. ಒಂದು ಕಾಲಕ್ಕೆ ಸಿನಿಮಾಗಳಿಗೆ ಚಿತ್ರಕಥೆ ಬರೆದವರು. ಈಗ ಎಪ್ಪತ್ತೊಂಬತ್ತು ದಾಟಿದ ಮೇಲೆ, ಭಾನುವಾರ ಬೆಳಿಗ್ಗೆ ಬಂದವರಿಗೆ ಬರೆಯುವುದನ್ನು ಕಲಿಸುತ್ತಿದ್ದರು. ಎಲ್ಲರಿಗೂ ಅವರು ಮೇಷ್ಟ್ರು.

ಕಲಿಸುವುದೆಂದರೆ ಹೆಚ್ಚಾಗಿ ಹೊಡೆದುಹಾಕುವುದು. ಶಿಷ್ಯ ಹತ್ತು ಪುಟ ತಂದರೆ ಕೆಂಪು ಪೆನ್ನಿನಲ್ಲಿ ಎಂಟು ಪುಟಕ್ಕೆ ಗೀಟು ಎಳೆದು, "ಉಳಿದದ್ದು ಚೆನ್ನಾಗಿದೆ" ಅನ್ನುತ್ತಿದ್ದರು.

ಆರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಬರುತ್ತಿದ್ದವನು ತಿಪ್ಪೇಶ. ಅವನದು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಕೆಲಸ. ಮೊದಲ ದಿನ ಬಂದಾಗ ಅವನು ತಂದ ಹನ್ನೆರಡು ಪುಟಕ್ಕೂ ಗೀಟು ಬಿದ್ದಿತ್ತು. ಆದರೂ ಮುಂದಿನ ವಾರ ಬಂದ.

ಅವನು ಬಂದದ್ದು ಒಂದು ಸಿನಿಮಾದಿಂದಾಗಿ. 'ಎರಡನೇ ಹರಿಗೋಲು' ಅದರ ಹೆಸರು. ಮೇಷ್ಟ್ರು ಬರೆದದ್ದು, ಅವರ ಗೆಳೆಯ ವೆಂಕೋಬರಾವ್ ನಿರ್ದೇಶಿಸಿದ್ದು. ನಲವತ್ತೊಂದು ವರ್ಷದ ಹಿಂದೆ ಬಂದು, ಎರಡು ವಾರ ಓಡಿ, ಮರೆಯಾಗಿತ್ತು. ಯಾವಾಗಲೋ ಟಿವಿಯಿಂದ ಇಳಿಸಿಕೊಂಡ ಪ್ರತಿಯಲ್ಲಿ ತಿಪ್ಪೇಶ ಅದನ್ನು ಮೂವತ್ತು ಸಲ ನೋಡಿದ್ದ.

ಕಥೆ ಸಣ್ಣದು. ಅಕ್ಕನೊಂದಿಗೆ ಜಗಳವಾಡಿ ತಮ್ಮ ಊರು ಬಿಡುತ್ತಾನೆ. ಹೊಳೆ ದಾಟಿಸುವ ಹರಿಗೋಲನ್ನು ಅಕ್ಕ ಒಬ್ಬಳೇ ನಡೆಸುತ್ತಾಳೆ. ಬಹಳ ವರ್ಷವಾದ ಮೇಲೆ ತಮ್ಮ ತಿರುಗಿ ಬಂದು ಅದೇ ಹರಿಗೋಲು ಹತ್ತುತ್ತಾನೆ.

ಆ ಸಿನಿಮಾದ ಮಾತು ತೆಗೆದರೆ ಮೇಷ್ಟ್ರ ಮುಖ ಬಿಗಿಯುತ್ತಿತ್ತು.

"ಅದು ನನ್ನದಲ್ಲ. ಚಹಾ ಕುಡಿ."

ವೆಂಕೋಬರಾವ್ ಕಥೆಯನ್ನು ಕತ್ತರಿಸಿ ಹಾಳುಮಾಡಿದರು, ಮೊದಲ ದಿನವೇ ಮೇಷ್ಟ್ರು ಥಿಯೇಟರಿನಿಂದ ಸಿಟ್ಟಾಗಿ ಬಂದರು, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು.

ಒಂದು ಬೇಸಿಗೆಯಲ್ಲಿ ಟ್ರಂಕಿನ ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ತಿಪ್ಪೇಶನ ಕೈಗೆ ಒಂದು ಕಟ್ಟು ಸಿಕ್ಕಿತು. ಮೇಷ್ಟ್ರ ಕೈಬರಹ. 'ಎರಡನೇ ಹರಿಗೋಲು', ನೂರ ನಲವತ್ತು ಪುಟ.

"ಇದನ್ನು ಓದಲಾ, ಮೇಷ್ಟ್ರೇ?"

"ಗೆದ್ದಲು ಬಿಟ್ಟಿದ್ದರೆ ಓದು."

ಅವನು ಓದಿದ. ಸಿನಿಮಾದಲ್ಲಿ ಇಲ್ಲದ ಎಷ್ಟೋ ದೃಶ್ಯಗಳು ಅಲ್ಲಿದ್ದವು. ತಾನು ಇಷ್ಟು ವರ್ಷ ಪ್ರೀತಿಸಿದ್ದು ಕೈಕಾಲು ಕಡಿದ ಸಿನಿಮಾವನ್ನಾ ಎಂದು ಅವನಿಗೆ ಅನಿಸಿತು.

ಆ ಸಿನಿಮಾವನ್ನು ಮೆಚ್ಚಿಕೊಂಡ ನಲವತ್ತು ಜನರ ಗುಂಪೊಂದು ಫೋನಿನಲ್ಲಿತ್ತು. ತಿಪ್ಪೇಶ ಅಲ್ಲಿ ಹೇಳಿದ: "ಮೂಲ ಕಥೆ ಸಿಕ್ಕಿದೆ. ಮೇಷ್ಟ್ರು ಬರೆದ ಹಾಗೆಯೇ ಸಿನಿಮಾವನ್ನು ಮತ್ತೆ ಜೋಡಿಸುತ್ತೇನೆ."

ಮೇಷ್ಟ್ರಿಗೆ ಹೇಳಲಿಲ್ಲ. ಮುಗಿಸಿ, ಮುಂದಿಟ್ಟು, ಅವರ ಮುಖ ನೋಡಬೇಕೆಂಬ ಆಸೆ.

ಜೋಡಿಸಲು ಕತ್ತರಿಸಿದ ತುಣುಕುಗಳು ಬೇಕಲ್ಲ. ಅವು ಇದ್ದರೆ ಒಬ್ಬರ ಬಳಿಯೇ ಇರಬೇಕು. ತಿಪ್ಪೇಶ ಹಾವೇರಿಗೆ ಹೋದ. ವೆಂಕೋಬರಾವ್ ಮಗಳ ಮನೆಯಲ್ಲಿದ್ದರು. ಹರಿಹರದಿಂದ ಬಂದ ಅಭಿಮಾನಿ ಎಂದಷ್ಟೇ ಹೇಳಿಕೊಂಡ. ಯಾರ ಶಿಷ್ಯನೆಂದು ಹೇಳಲಿಲ್ಲ.

ಮುದುಕರು ಯಾರು, ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ, ಆ ತುಣುಕುಗಳನ್ನು ಇಳಿಸಿಟ್ಟಿದ್ದ ನಾಲ್ಕು ಹಳೆಯ ವಿಡಿಯೋ ಕ್ಯಾಸೆಟ್ ತಂದು ಅವನ ಕೈಗಿಟ್ಟರು.

ಏಳು ತಿಂಗಳು ಹಿಡಿಯಿತು. ಮದುವೆಗಳ ನಡುವೆ ಬಿಡುವು ಮಾಡಿಕೊಂಡು, ಕಟ್ಟಿನ ಒಂದೊಂದು ಪುಟವನ್ನೂ ಪಕ್ಕದಲ್ಲಿಟ್ಟುಕೊಂಡು ಜೋಡಿಸಿದ. ಡಬ್ಬಿಂಗ್ ಆದ ಮೇಲೆ ಕತ್ತರಿಸಿದ್ದರಿಂದ ತುಣುಕುಗಳಲ್ಲಿ ಮಾತೂ ಇತ್ತು. ಕಥೆಯಲ್ಲಿ ಇಲ್ಲದ್ದು ಸಿನಿಮಾದಲ್ಲಿ ಕಂಡರೆ ತೆಗೆದ. ಕಥೆಯಲ್ಲಿ ಇದ್ದದ್ದನ್ನು ಒಂದೂ ಬಿಡಲಿಲ್ಲ. ಸಿನಿಮಾದ ಶುರುವಿಗೆ ಬಿಳಿ ಅಕ್ಷರದಲ್ಲಿ ಹಾಕಿದ: 'ಶಂಭುಲಿಂಗಯ್ಯನವರು ಬರೆದ ಹಾಗೆ'.

ಒಂದು ಭಾನುವಾರ, ಬೇರೆ ಶಿಷ್ಯರೆಲ್ಲ ಹೋದ ಮೇಲೆ, ಅವನು ಕಿಟಕಿಗೆ ಕಂಬಳಿ ಕಟ್ಟಿದ. ಲ್ಯಾಪ್‌ಟಾಪನ್ನು ಮೇಷ್ಟ್ರ ಮುಂದೆ ಸ್ಟೂಲಿನ ಮೇಲಿಟ್ಟ.

"ಏನಿದು?"

"ನಿಮ್ಮ ಸಿನಿಮಾ, ಮೇಷ್ಟ್ರೇ. ನಿಮ್ಮದೇ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಬಿಳಿ ಅಕ್ಷರ ಓದಿದರು. ಎರಡೂ ಮುಕ್ಕಾಲು ಗಂಟೆ ಅಲುಗಾಡದೆ ಕೂತರು.

ತಿಪ್ಪೇಶ ಸಿನಿಮಾ ನೋಡಲಿಲ್ಲ. ಅವರ ಮುಖವನ್ನೇ ನೋಡಿದ.

ಕೊನೆಯ ದೃಶ್ಯ ಬಂತು. ತಮ್ಮ ದಂಡೆಗೆ ಬಂದು ನಿಂತ. ಅಕ್ಕ ಮಾತಾಡಿದಳು. ಅಪ್ಪ ಸತ್ತದ್ದು, ನೆರೆ ಬಂದದ್ದು, ಹುಟ್ಟು ಹಾಕಿ ಹಾಕಿ ಕೈ ಬೊಬ್ಬೆ ಎದ್ದದ್ದು, ಒಂದೊಂದಾಗಿ ಹೇಳಿದಳು. ಕೊನೆಗೆ ಕ್ಷಮಿಸಿದ್ದೇನೆ ಎಂದಳು. ನಾಲ್ಕು ನಿಮಿಷದ ಮಾತು. ಬರೆದದ್ದರಲ್ಲಿ ಒಂದು ಅಕ್ಷರವೂ ಬಿಟ್ಟಿರಲಿಲ್ಲ.

ಪರದೆ ಕಪ್ಪಾಯಿತು.

"ಇನ್ನೊಂದು ಇದೆಯಾ?" ಎಂದರು ಮೇಷ್ಟ್ರು.

"ಯಾವುದು?"

"ವೆಂಕೋಬ ಮಾಡಿದ್ದು."

"ಅದನ್ನ ಯಾಕೆ ನೋಡ್ತೀರಿ, ಮೇಷ್ಟ್ರೇ? ನೋಡಿದ್ದೀರಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಮಧ್ಯಂತರದ ತನಕ ನೋಡಿದ್ದೆ."

ತಿಪ್ಪೇಶನಿಗೆ ಮೊದಲು ಅರ್ಥವಾಗಲಿಲ್ಲ.

"ಮಧ್ಯಂತರಕ್ಕೇ ಎದ್ದು ಬಂದುಬಿಟ್ಟೆ," ಎಂದರು ಮೇಷ್ಟ್ರು. "ಎಷ್ಟು ಪುಟ ಹೋಗಿವೆ ಅಂತ ಬೆರಳಲ್ಲಿ ಎಣಿಸ್ತಾ ಕೂತಿದ್ದೆ. ಬೆರಳು ಸಾಲದೇ ಹೋಯ್ತು. ಎದ್ದೆ. ಅದು ಹಾಕು. ಮಧ್ಯಂತರದಿಂದ ಈಚೆಗಿನದು."

ತಿಪ್ಪೇಶ ಹಾಕಿದ. ಈ ಸಲ ಮೇಷ್ಟ್ರು ಬೆರಳು ಎಣಿಸಲಿಲ್ಲ.

ಕೊನೆಯ ದೃಶ್ಯ. ತಮ್ಮ ದಂಡೆಯಲ್ಲಿ ನಿಂತ. ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹರಿಗೋಲಿನಲ್ಲಿದ್ದ ಬುತ್ತಿಯ ಗಂಟನ್ನು ಪಕ್ಕಕ್ಕೆ ಸರಿಸಿದಳು. ತಮ್ಮ ಬಂದು ಆ ಜಾಗದಲ್ಲಿ ಕೂತ. ಅವಳು ಹುಟ್ಟು ಹಾಕಿದಳು. ಅಷ್ಟೇ.

ಮೇಷ್ಟ್ರು ಎದ್ದು, ಗೋಡೆ ಹಿಡಿದು, ಕಿಟಕಿಯ ಕಂಬಳಿ ಸರಿಸಿದರು. ಹೊಳೆಯ ಕಡೆ ನೋಡುತ್ತ ನಿಂತರು.

ಬೆನ್ನು ಅಲ್ಲಾಡುವುದು ತಿಪ್ಪೇಶನಿಗೆ ಕಾಣಿಸಿತು. ಅವನು ಚಹಾದ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ತೊಳೆದ ಲೋಟವನ್ನೇ ಮತ್ತೆ ತೊಳೆದ. ತಾನು ಏಳು ತಿಂಗಳು ಕೂತು ಮಾಡಿದ್ದಕ್ಕೆ ಮೇಷ್ಟ್ರು ಅತ್ತಿರಲಿಲ್ಲ. ಬೇರೊಬ್ಬರು ಮಾಡಿದ್ದಕ್ಕೆ ಅತ್ತಿದ್ದರು. ಅವನಿಗೆ ದುಃಖವಾಗಿತ್ತು, ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

"ತಿಪ್ಪೇಶ," ಒಳಗಿನಿಂದ ಕರೆ ಬಂತು. "ಲೋಟ ಸವೆದು ಹೋದಾವು. ಬಾ."

ಅವನು ಬಂದು ಚಾಪೆಯ ಮೇಲೆ ಕೂತ.

"ಒಂದು ಕೇಳ್ತೀನಿ, ನಿಜ ಹೇಳು. ನನ್ನ ಕಥೆ ಜೋಡಿಸುವಾಗ, ಎಲ್ಲಾದರೂ ಸಾಕು ಅನಿಸಿತಾ?"

ತಿಪ್ಪೇಶ ತಲೆ ತಗ್ಗಿಸಿದ.

"ಅನಿಸಿತು."

"ಎಲ್ಲಿ?"

"ಕೊನೇ ಮಾತಲ್ಲಿ. ನೆರೆಯ ವಿಷಯ ಬರೋ ಹೊತ್ತಿಗೆ... ನನಗೆ ಎರಡು ಸಲ ತೂಕಡಿಕೆ ಬಂತು, ಮೇಷ್ಟ್ರೇ."

ಮೇಷ್ಟ್ರು ನಕ್ಕರು. ನಗು ಕೆಮ್ಮಾಗಿ, ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಮತ್ತೆ ಯಾಕೆ ತೆಗೀಲಿಲ್ಲ?"

"ನೀವು ಬರೆದದ್ದು. ನಿಮ್ಮ ಮೇಲಿನ ಪ್ರೀತಿಗೆ ಬಿಟ್ಟೆ."

"ಹೂಂ," ಎಂದರು ಮೇಷ್ಟ್ರು. "ಅವನಿಗೂ ನನ್ನ ಮೇಲೆ ಪ್ರೀತಿ ಇತ್ತು. ಅವನು ತೆಗೆದ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ತಿಪ್ಪೇಶನಿಗೆ ಅನಿಸಿತು. ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಮೇಷ್ಟ್ರ ಕೈಗಿಟ್ಟ.

"ಈ ತುಣುಕೆಲ್ಲ ಅವರೇ ಕೊಟ್ಟದ್ದು. ನಾನು ಹಾವೇರಿಗೆ ಹೋಗಿದ್ದೆ. ನಿಮ್ಮ ಶಿಷ್ಯ ಅಂತ ಹೇಳಲಿಲ್ಲ. ತಪ್ಪಾಯ್ತು."

ಕ್ಯಾಸೆಟ್ಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿತ್ತು. ಮಸಿ ಮಾಸಿದ್ದರೂ ಓದಲು ಬರುತ್ತಿತ್ತು. 'ಶಂಭುದು. ಎಸೆಯಬಾರದು.'

ಮೇಷ್ಟ್ರು ಅದನ್ನು ತುಂಬ ಹೊತ್ತು ನೋಡಿದರು.

"ಅವನು ಏನಾದರೂ ಕೇಳಿದನಾ?"

"ನಾನು ಗೇಟು ದಾಟುವಾಗ ಕರೆದರು. ಹರಿಹರದಲ್ಲಿ ಶಂಭುವಿಗೆ ಮಂಡಿ ನೋವಂತೆ, ಈಗ ಹೇಗಿದೆ ಅಂತ ಕೇಳಿದರು."

"ನೀನು ಏನಂದೆ?"

"ಏನು ಹೇಳೋದು ತಿಳೀಲಿಲ್ಲ. ಪರವಾಗಿಲ್ಲ ಅಂದೆ."

"ಸುಳ್ಳು," ಎಂದರು ಮೇಷ್ಟ್ರು. "ಮಂಡಿ ತುಂಬ ನೋವಿದೆ. ಹೋಗಿ ಸರಿಯಾಗಿ ಹೇಳಬೇಕು. ನಾಳೆ ಹಾವೇರಿಗೆ ಎಷ್ಟು ಹೊತ್ತಿಗೆ ಬಸ್ಸು?"

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಬಸ್ಸಿನಲ್ಲಿ ಮೇಷ್ಟ್ರು ಕಿಟಕಿ ಪಕ್ಕ ಕೂತರು. ರಾಣೆಬೆನ್ನೂರು ದಾಟಿದ ಮೇಲೆ, "ನನ್ನ ಅಂಗಿ ಕಾಲರ್ ಸರಿಯಿದೆಯಾ?" ಎಂದು ಕೇಳಿದರು. ತಿಪ್ಪೇಶ ಸರಿಮಾಡಿದ.

ವೆಂಕೋಬರಾವ್ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಗೇಟಿನ ಸದ್ದಿಗೆ ತಲೆ ಎತ್ತಿದರು. ಪೇಪರನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನಿನ್ನ ಸಿನಿಮಾ ನಿನ್ನೆ ನೋಡಿ ಮುಗಿಸಿದೆ," ಎಂದರು ಮೇಷ್ಟ್ರು, ಮೆಟ್ಟಿಲ ಕೆಳಗೇ ನಿಂತು.

"ನಲವತ್ತೊಂದು ವರ್ಷದ ಮಧ್ಯಂತರ ಆಯ್ತಲ್ಲೋ, ಶಂಭು."

"ಮಂಡಿ ನೋವಿತ್ತು."

"ಆವಾಗಲೂ?"

ಮೇಷ್ಟ್ರು ತಿಪ್ಪೇಶನ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. ಇಬ್ಬರು ಮುದುಕರೂ ಎದುರೆದುರು ಕೂತರು. ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಒಳಗಿನಿಂದ ಮಗಳು ಬಂದು, ನೋಡಿ, ಮಾತಾಡದೆ ಮಂಡಕ್ಕಿಗೆ ಒಗ್ಗರಣೆ ಹಾಕಲು ಹೋದಳು.

"ಹೇಗಿತ್ತು?" ಎಂದು ಕೇಳಿದರು ವೆಂಕೋಬರಾವ್.

"ಗಂಟು ಸರಿಸಿದಳಲ್ಲ. ಅದನ್ನು ನಾನು ಬರೆದಿರಲಿಲ್ಲ."

"ಇಲ್ಲ. ಮಾತೆಲ್ಲ ಮುಗಿದ ಮೇಲೆ ಅಕ್ಕನ ಪಾತ್ರ ಮಾಡಿದ ಆ ಹುಡುಗಿ ತಾನಾಗಿ ಸರಿಸಿದಳು. ಕ್ಯಾಮೆರಾ ಓಡ್ತಾ ಇತ್ತು. ಅದನ್ನು ನೋಡಿದ ಮೇಲೆ ನನಗೆ ಮಾತು ಬೇಡ ಅನಿಸಿತು."

"ಸರಿಯಾಗೇ ಅನಿಸಿದೆ," ಎಂದರು ಮೇಷ್ಟ್ರು. "ಅವತ್ತು ನಾನು ಕೂತಿರಬೇಕಿತ್ತು."

ವೆಂಕೋಬರಾವ್ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು.

"ನಾನೂ ಒಂದು ಹೇಳಬೇಕು. ಅವಳ ಮಾತು ಪೂರ್ತಿ ತೆಗೆದದ್ದು ಜಾಸ್ತಿ ಆಯ್ತೇನೋ. ಎಷ್ಟೋ ಸಲ ಆ ಕ್ಯಾಸೆಟ್ ಹಾಕಿ ನೋಡಿದ್ದೀನಿ. ಒಂದು ನಾಲ್ಕು ಸಾಲು ಇರಬೇಕಿತ್ತು. ಅದಕ್ಕೇ ಇಟ್ಟುಕೊಂಡಿದ್ದೆ."

"ಯಾವ ನಾಲ್ಕು?"

"ಅಪ್ಪನ ವಿಷಯ."

"ಅಪ್ಪನದು ಯಾಕೆ? ಇಟ್ಟರೆ ಕೈ ಬೊಬ್ಬೆಯ ಮಾತು ಇಡಬೇಕು."

"ಬೊಬ್ಬೆ ಕೈಯಲ್ಲೇ ಕಾಣುತ್ತಲ್ಲೋ. ಹೇಳೋದೇನಿದೆ?"

"ಒಂದೂ ಬೇಡ ಅಂತೀನಿ ನಾನು. ಈಗ ಹೇಳ್ತಿದ್ದೀನಿ, ಒಂದೂ ಬೇಡ."

"ನೀನು ಬರೆದದ್ದು ನಿನಗೇ ಬೇಡವಾ?"

"ನೀನು ತೆಗೆದದ್ದು ನಿನಗೇ ಬೇಕಾ?"

ಧ್ವನಿ ಏರಿತು. ಮಂಡಕ್ಕಿ ತಂದ ಮಗಳು ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಅಪ್ಪ ಇಷ್ಟು ಜೋರಾಗಿ ಮಾತಾಡಿ ಎಷ್ಟು ವರ್ಷವಾಗಿತ್ತೋ.

ತಿಪ್ಪೇಶ ಲ್ಯಾಪ್‌ಟಾಪ್ ತೆರೆದಿದ್ದ. ಮೊದಲು ತಾನು ಹಾಕಿದ್ದ ಬಿಳಿ ಅಕ್ಷರವನ್ನು ಅಳಿಸಿದ. ಆಮೇಲೆ ಕೊನೆಯ ದೃಶ್ಯಕ್ಕೆ ಬಂದು, ಎರಡು ಸಾಲು ತೆಗೆದ, ನೋಡಿದ, ಮತ್ತೆ ಹಾಕಿದ. ಒಬ್ಬರು ಅಪ್ಪನ ಮಾತು ಅಂದರು. ಒಬ್ಬರು ಒಂದೂ ಬೇಡ ಅಂದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಪಕ್ಷ ಬದಲಾಯಿಸಿದರು. ಅವನ ಬೆರಳು ನಿಂತುಹೋಯಿತು.

"ಮೇಷ್ಟ್ರೇ, ಯಾರ ಮಾತು ಕೇಳಲಿ? ನೀವು ಬರೆದ ಹಾಗೆ ಮಾಡಲಾ, ಅವರು ತೆಗೆದ ಹಾಗೆ ಮಾಡಲಾ?"

ಮೇಷ್ಟ್ರು ಮಂಡಕ್ಕಿಯ ತಟ್ಟೆಯನ್ನು ಅವನ ಕಡೆ ತಳ್ಳಿದರು. ಪರದೆಯ ಮೇಲೆ, ಹುಟ್ಟು ಹಿಡಿದು, ಅಕ್ಕ ತಮ್ಮನನ್ನು ನೋಡುತ್ತ ನಿಂತಿದ್ದಳು.

"ನಾವಿಬ್ಬರೂ ಜಗಳ ಆಡ್ತಾ ಇರ್ತೀವಿ, ನಮ್ಮನ್ನ ನೋಡಬೇಡ. ಅವಳ ಮುಖ ನೋಡು. ಎಲ್ಲಿಗೆ ಸಾಕು ಅಂತ ಅವಳು ಹೇಳ್ತಾಳೆ."