ಕನ್ನಡಕದ ಅಂಗಡಿಯವನು ಕೊಟ್ಟ ಮಾತು

"ಗುರುಗಳೇ, ನೆನಪಿಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ಮನಸ್ಸಿಗೆ ಬಿಡುವು ಸಿಗಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನವೀರ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ಭಾನುವಾರ ತಪ್ಪದೆ ಮಠಕ್ಕೆ ಬರುತ್ತಿದ್ದ. ಹೊಸದಾಗಿ ಬಂದ ಯಾವ ಉಪಕರಣವನ್ನೂ ಬಿಟ್ಟವನಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ಧ್ಯಾನಕ್ಕೆ ಕೂರುವ ಹೊತ್ತು, ಎಲ್ಲವನ್ನೂ ಅವನ ಫೋನೇ ಹೇಳುತ್ತಿತ್ತು.

"ಎಲ್ಲವನ್ನೂ ಒಪ್ಪಿಸಿದ್ದೇನೆ. ಆದರೂ ಬಿಡುವು ಕಾಣೆ. ಎಲ್ಲಿ ತಪ್ಪಿದೆನೆಂದು ತಿಳಿಯುತ್ತಿಲ್ಲ," ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕನ್ನಡಕದ ಅಂಗಡಿಯವನಿದ್ದ. ಕಣ್ಣು ಪರೀಕ್ಷೆ ಮಾಡುವುದು, ಗಾಜು ಕೂರಿಸಿ ಕನ್ನಡಕ ಕೊಡುವುದು ಅವನ ಕಸುಬು. ಕೆಲಸ ಅಚ್ಚುಕಟ್ಟು, ಮಾತು ಮೃದು. ಆದರೆ ಮರೆವು ಹೆಚ್ಚು. ಒಮ್ಮೆ ಶಾಲೆಯಿಂದ ಮಗಳನ್ನು ಕರೆತರುವುದನ್ನೇ ಮರೆತ. ಗೇಟು ಹಾಕಿದ ಮೇಲೂ ಆ ಹುಡುಗಿ ಎರಡು ತಾಸು ಹೊರಗೆ ನಿಂತಿದ್ದಳು. ಅವನು ಓಡಿಹೋದಾಗ ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಚೀಲವನ್ನು ಅವನ ಕೈಗೆ ಕೊಟ್ಟು ಮುಂದೆ ಮುಂದೆ ನಡೆದಳು. ಅದು ಅವನಿಗೆ ಬಹಳ ನಾಟಿತು. ಇನ್ನು ಮೇಲೆ ಏನನ್ನೂ ಮರೆಯಕೂಡದು ಎಂದುಕೊಂಡ.

ಅಂದಿನಿಂದ ಅವನು ಯಂತ್ರಗಳನ್ನು ಹಿಡಿದ. ಫೋನು ಅವನಿಗೆ ಕೆಲಸ ನೆನಪಿಸುತ್ತಿತ್ತು. ಕೈಗಡಿಯಾರ ನೀರು ಕುಡಿ ಎನ್ನುತ್ತಿತ್ತು, ಎದ್ದು ನಡೆ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ಇಟ್ಟ ಪೆಟ್ಟಿಗೆ ಹಾಲು ತರಬೇಕೆಂದು ಕೂಗಿ ಹೇಳುತ್ತಿತ್ತು. ಮೊದಮೊದಲು ಬಹಳ ಅನುಕೂಲವಾಯಿತು. ಹೇಳಿದ ದಿನ ಕನ್ನಡಕ ಸಿದ್ಧವಿರುತ್ತಿತ್ತು. ಮಗಳು ಮತ್ತೆಂದೂ ಗೇಟಿನಲ್ಲಿ ಕಾಯಲಿಲ್ಲ. ಅವನಿಗೆ ಹುರುಪು ಬಂತು. ಯಾರು ಏನು ಹೇಳಿದರೂ "ತಾಳಿ" ಎಂದು ಫೋನು ತೆಗೆದು ಬರೆದುಕೊಳ್ಳುತ್ತಿದ್ದ. ಬರೆದ ಮರುಗಳಿಗೆಯೇ ಆ ಸಂಗತಿ ತಲೆಯಿಂದ ಇಳಿದುಹೋಗುತ್ತಿತ್ತು. ಅದೇ ಅವನಿಗೆ ಸುಖವೆನಿಸುತ್ತಿತ್ತು.

ಹೀಗೆ ವರ್ಷಗಳು ಕಳೆದವು.

ಒಂದು ದಿನ ಬೆಳಿಗ್ಗೆ ಅವನು ಚಹಾ ಕುಡಿಯುತ್ತಿದ್ದಾಗ ಫೋನು ಸದ್ದು ಮಾಡಿತು. ತೆಗೆದು ನೋಡಿದ. "ಇವತ್ತು ಸಂಜೆ ಐದು ಗಂಟೆ. ಮಾತು ಕೊಟ್ಟಿದ್ದೀಯ. ಏನೇ ಆದರೂ ತಪ್ಪಿಸಬೇಡ," ಎಂದಿತ್ತು. ಒಂದು ವರ್ಷದ ಹಿಂದೆ ಅವನೇ ಬರೆದಿಟ್ಟದ್ದು.

ಯಾರಿಗೆ ಕೊಟ್ಟ ಮಾತು, ಏನೆಂದು ಕೊಟ್ಟದ್ದು, ಒಂದೂ ಬರೆದಿರಲಿಲ್ಲ. ಬರೆಯುವಾಗ ಎಲ್ಲವೂ ಕಣ್ಣಮುಂದೆಯೇ ಇದ್ದಿರಬೇಕು. ಹೆಸರು ಹಾಕಬೇಕೆಂದು ಅನ್ನಿಸಿರಲಿಕ್ಕಿಲ್ಲ.

ಅವನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದನ್ನು ಬರೆದಿಟ್ಟ ದಿನದ ದಾಖಲೆ ತೆರೆದ. ಎಂಟು ಸಾವಿರದ ನಾನೂರು ಹೆಜ್ಜೆ ನಡೆದಿದ್ದ. ಏಳು ಲೋಟ ನೀರು ಕುಡಿದಿದ್ದ. ಆರು ತಾಸು ಹತ್ತು ನಿಮಿಷ ಮಲಗಿದ್ದ. ಸಂಜೆ ಐದೂಕಾಲಿಗೆ ಎದೆಬಡಿತ ಸ್ವಲ್ಪ ಏರಿತ್ತು. ಯಾಕೆ ಏರಿತೆಂಬುದು ಇರಲಿಲ್ಲ.

ಹೆಂಡತಿಯನ್ನು ಕೇಳಿದ. "ಇವತ್ತಿಗೆ ಅಂತ ನಿನಗೇನಾದರೂ ಮಾತು ಕೊಟ್ಟಿದ್ದೆನಾ?"

"ಇವತ್ತಿಗಾ? ಇಲ್ಲಪ್ಪ," ಎಂದಳು ಅವಳು. ಆಮೇಲೆ, "ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಅಂದಿದ್ದಿರಿ. ಅದು ಶ್ರಾವಣದಲ್ಲಿ."

"ನಾವು ಹೋಗಲೇ ಇಲ್ಲವಲ್ಲ?"

"ನಾನು ಹೋಗಿ ಬಂದೆ."

ಅವನಿಗೆ ಗಾಬರಿಯಾಯಿತು. ಆ ಮಾತು ಅವನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೈ ಒದ್ದೆಯಾಗಿ ಫೋನು ಮುಟ್ಟಲಾಗದಿದ್ದಾಗ ಹೇಳಿದ್ದಿರಬೇಕು. ಈಗ ಕೂತು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಐದು ಗಂಟೆಯ ಚಿಂತೆ ಮತ್ತೆ ಹಿಡಿಯಿತು.

ಅಣ್ಣನಿಗೆ ಫೋನು ಮಾಡಿದ. ಇಬ್ಬರೂ ಕೂಡಿ ತಂಗಿಯ ಮನೆಗೆ ಹೋಗೋಣ ಅಂದಿದ್ದೆಯಲ್ಲ, ಅದಾ ಎಂದು ಅಣ್ಣ ಕೇಳಿದ. ಆ ಮಾತಿಗೆ ಮೂರು ವರ್ಷ ಆಗಿತ್ತು. ಹಿಂದೆ ಅಂಗಡಿಯಲ್ಲಿ ಗಾಜು ತೇಯುತ್ತಿದ್ದ ಮುದುಕನಿಗೆ ಮಾಡಿದ. "ಒಂದು ದಿನ ಮನೆಗೆ ಬಂದು ಕೂರುತ್ತೇನೆ ಅಂದಿದ್ದಿರಿ ಯಜಮಾನರೇ. ಇವತ್ತೇ ಬರುತ್ತೀರಾ?" ಎಂದ ಮುದುಕನ ದನಿಯಲ್ಲಿ ಸಂತೋಷವಿತ್ತು. ಅಂಗಡಿಯವನು ಏನೋ ಸಬೂಬು ಹೇಳಿ ಫೋನು ಇಟ್ಟ. ಆಮೇಲೆ ಇನ್ನೊಬ್ಬರನ್ನು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಅಂಗಡಿ ತೆರೆದು ಕೂತ. ಕೆಲಸದಲ್ಲಿ ಮನಸ್ಸಿಲ್ಲ. ಒಬ್ಬ ಗಿರಾಕಿಯ ಕನ್ನಡಕಕ್ಕೆ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದ. ಆ ಮಾತು ನಿಜವಾಗಿ ಕೊಟ್ಟದ್ದೋ, ಸುಮ್ಮನೆ ಬರೆದದ್ದೋ ಎಂಬ ಸಂಶಯ ಒಮ್ಮೆ ಬಂತು. ಯಾರೋ ತನಗಾಗಿ ಎಲ್ಲೋ ಕಾಯುತ್ತಾರೆ ಎಂಬ ಯೋಚನೆ ಇನ್ನೊಮ್ಮೆ ಬಂತು. ಎರಡರ ನಡುವೆ ಮಧ್ಯಾಹ್ನ ಕಳೆಯಿತು.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಅವನು ಹೋದ ಹೋದ ಕಡೆಯನ್ನೆಲ್ಲ ಫೋನು ಗುರುತು ಹಾಕಿಡುತ್ತಿತ್ತು. ಹಿಂದಿನ ವರ್ಷ ಅದನ್ನು ಬರೆದ ದಿನದ ನಕ್ಷೆ ತೆಗೆದ. ಸಂಜೆ ಐದು ಗಂಟೆಗೆ ಅವನು ಊರ ಹೊರಗಿನ ಕಾಲುವೆಯ ಸೇತುವೆಯ ಬಳಿ ನಲವತ್ತು ನಿಮಿಷ ನಿಂತಿದ್ದ. ಅಲ್ಲಿಗೇ ಹೋಗಬೇಕು, ಸಂಶಯವಿಲ್ಲ ಎಂದುಕೊಂಡ. ನಾಲ್ಕೂವರೆಗೆ ಅಂಗಡಿಯ ಬಾಗಿಲು ಎಳೆದ.

"ಇಷ್ಟು ಬೇಗ?" ಎಂದು ಪಕ್ಕದ ಅಂಗಡಿಯ ದರ್ಜಿ ಕೇಳಿದ.

"ಒಂದು ಮಾತು ಕೊಟ್ಟಿದ್ದೇನೆ. ಹೋಗಬೇಕು."

ನಡುವೆ ಯಾರೂ ತೊಂದರೆ ಕೊಡಬಾರದೆಂದು ಫೋನಿಗೆ ಕರೆಗಳು ಬಾರದಂತೆ ಮಾಡಿಕೊಂಡು ಹೊರಟ.

ಸೇತುವೆಯ ಬಳಿ ಯಾರೂ ಇರಲಿಲ್ಲ. ರಸ್ತೆಯ ತುಂಬ ಕುರಿಹಿಕ್ಕೆ ಬಿದ್ದಿತ್ತು. ಚಪ್ಪಲಿಗೆ ತಾಗದಂತೆ ಜಾಗ ನೋಡಿಕೊಂಡು ನಿಂತ. ಐದಾಯಿತು. ಐದೂವರೆಯಾಯಿತು. ಬಂದ ಬಂದವರ ಮುಖ ನೋಡಿದ. ಯಾರೂ ಅವನನ್ನು ನೋಡಲಿಲ್ಲ. ಬಹಳ ಹೊತ್ತಿನಿಂದ ನಿಂತಿದ್ದೀಯ, ನಡೆ ಎಂದು ಕೈಗಡಿಯಾರ ಹೇಳಿತು. ಆರು ಗಂಟೆಗೆ ಫೋನು, ಮುಗಿಯಿತೇ ಎಂದು ಕೇಳಿತು. ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಅವನಿಗೆ ತಿಳಿಯಲಿಲ್ಲ.

ಅವನು ಅಂಗಡಿಗೆ ಮರಳಿದಾಗ ದರ್ಜಿ ಹೊರಗೇ ನಿಂತಿದ್ದ.

"ಎಲ್ಲಿ ಹೋಗಿದ್ದಿರಿ? ಎರಡು ಸಲ ಫೋನು ಮಾಡಿದೆ. ಕುರಿಯವರ ಹೆಂಗಸೊಬ್ಬಳು ಬಂದಿದ್ದಳು. ಜೊತೆಗೊಂದು ಹುಡುಗಿ. ಸರಿಯಾಗಿ ಐದಕ್ಕೆ ಬಂದು ನಿಮ್ಮ ಮೆಟ್ಟಿಲ ಮೇಲೆ ಕೂತರು. ಹುಡುಗಿಗೆ ಕನ್ನಡಕ ಮಾಡಿಕೊಡುತ್ತೇನೆ ಅಂದಿದ್ದಿರಂತೆ. ಒಂದು ತಾಸು ನೋಡಿದರು. ಕುರಿ ಮುಂದೆ ಹೋಗಿವೆ, ಇನ್ನು ನಿಲ್ಲಲಿಕ್ಕಾಗದು ಅಂತ ಆರಕ್ಕೆ ಎದ್ದು ಹೋದರು."

ಆಗ ಅವನಿಗೆ ಎಲ್ಲವೂ ಒಮ್ಮೆಲೇ ನೆನಪಾಯಿತು.

ಹಿಂದಿನ ವರ್ಷ ಆ ಸಂಜೆ ಹೆಜ್ಜೆಯ ಲೆಕ್ಕ ತುಂಬಿಸಲು ಅವನು ಸೇತುವೆಯವರೆಗೆ ನಡೆದಿದ್ದ. ಕುರಿಗಳ ಮಂದೆಯೊಂದು ದಾಟುತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಮರಿಗಳನ್ನು ಒಂದೊಂದಾಗಿ ಮುಖದ ಹತ್ತಿರ ತಂದು ನೋಡಿ ಬಿಡುತ್ತಿದ್ದಳು. ಅವನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಬೆರಳು ತೋರಿಸಿ ಎಷ್ಟೆಂದು ಕೇಳಿದ. ಹುಡುಗಿ, "ಯಾರು?" ಎಂದಳು. ಅವನ ಎದೆ ಝಲ್ಲೆಂದಿತು.

"ಈಗಲೇ ಅಂಗಡಿಗೆ ಕರೆದುಕೊಂಡು ಬಾ ತಾಯಿ," ಎಂದು ತಾಯಿಗೆ ಹೇಳಿದ.

"ಮಂದೆ ನಿಲ್ಲುವುದಿಲ್ಲ ಅಣ್ಣ," ಎಂದಳು ಅವಳು. "ಬರುವ ವರ್ಷ ಗೌರಿ ಹುಣ್ಣಿಮೆಯ ಮರುದಿನ ಇದೇ ಹಾದಿಯಲ್ಲಿ ಬರುತ್ತೇವೆ."

ಸಂಜೆ ಐದಕ್ಕೆ ಬಾ, ನಾನೇ ಕನ್ನಡಕ ಮಾಡಿಕೊಡುತ್ತೇನೆ, ಇದು ನನ್ನ ಮಾತು ಎಂದು ಅವನು ಹೇಳಿದ. ಊರ ಬೀದಿಯ ಕಡೆ ಕೈತೋರಿ ಅಂಗಡಿಯ ಗುರುತನ್ನೂ ಹೇಳಿದ. ಕೂಡಲೇ ಫೋನು ತೆಗೆದು ಮುಂದಿನ ವರ್ಷದ ಹುಣ್ಣಿಮೆ ಯಾವ ದಿನ ಬರುತ್ತದೆಂದು ಹುಡುಕಿ ಬರೆದುಕೊಂಡ. ಬರೆದು ತಲೆಯೆತ್ತಿದಾಗ ತಾಯಿ ಮಗಳು ಮುಂದೆ ಹೋಗಿಬಿಟ್ಟಿದ್ದರು.

ಆ ರಾತ್ರಿ ಊರ ಅಂಚಿನವರೆಗೆ ಓಡಿ ನೋಡಿದರೂ ಅವರು ಕಾಣಲಿಲ್ಲ. ಮರುದಿನ ಬೆಳಗಾಗುತ್ತಲೇ ಅವನು ಪರೀಕ್ಷೆಯ ಗಾಜುಗಳ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟ. ಫೋನಿನಲ್ಲಿ ಎಲ್ಲ ರಸ್ತೆಗಳೂ ಇದ್ದವು. ಕುರಿಗಳು ರಸ್ತೆ ಹಿಡಿದು ಹೋಗಿರಲಿಲ್ಲ. ಕೆಲವರು ಮೂಡಲಿಗೆ ಹೋದವು ಎಂದರು. ಕೆಲವರು ಪಡುವಲಿಗೆ ಎಂದರು. ಎರಡು ದಿನ ಹೊಲದ ಬದುಗಳಲ್ಲಿ ಸ್ಕೂಟರು ತಳ್ಳಿದ. ಮೂರು ಮಂದೆ ಸಿಕ್ಕವು. ಮೂರರಲ್ಲೂ ಆ ಹುಡುಗಿ ಇರಲಿಲ್ಲ.

ಮೂರನೆಯ ಮಂದೆಯ ಹಿರಿಯ ಅವನನ್ನು ಕೂರಿಸಿ ನೀರು ಕೊಟ್ಟ. "ಈ ಸೀಮೆಯಲ್ಲಿ ಈಗ ಇಪ್ಪತ್ತು ಮಂದೆ ಇವೆ," ಎಂದ. "ಹೆಂಗಸಿನ ಹೆಸರು ಹೇಳಿ, ಕೇಳಿಸೋಣ."

"ಹೆಸರು ಕೇಳಲಿಲ್ಲ."

"ಹುಡುಗಿಯದು?"

"ಅದನ್ನೂ ಕೇಳಲಿಲ್ಲ."

"ಯಾವ ಊರಿನವರು?"

ಅದೂ ತಿಳಿಯದೆಂದು ಅವನು ತಲೆಯಾಡಿಸಿದ.

"ಮತ್ತೇನು ಕೇಳಿದಿರಿ ಯಜಮಾನರೇ ಅವರನ್ನು?" ಎಂದು ಹಿರಿಯ ಕೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಅಂಗಡಿಯವನು ನೀರಿನ ಲೋಟ ಕೆಳಗಿಟ್ಟು ಎದ್ದ.

ಅವನು ಮನೆ ಸೇರಿದಾಗ ಹೆಂಡತಿ ಬಾಗಿಲಲ್ಲಿದ್ದಳು. "ಸಿಕ್ಕರಾ?" ಎಂದಳು. ಇಲ್ಲವೆಂದ. ಕೈಕಾಲು ತೊಳೆದು ಬಂದು ಅವಳ ಎದುರು ಕೂತ.

"ಆಸ್ಪತ್ರೆಯಲ್ಲಿ ಏನು ಹೇಳಿದರು?" ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು. ಹೋದ ದಿನ ಎಷ್ಟು ಹೆದರಿದ್ದಳು, ಯಾವ ಯಾವ ಪರೀಕ್ಷೆ ಮಾಡಿದರು, ಹೆದರುವಂಥದ್ದೇನೂ ಇಲ್ಲವೆಂದು ವೈದ್ಯೆ ಹೇಳಿದಾಗ ಹೊರಗೆ ಬಂದು ಬೆಂಚಿನ ಮೇಲೆ ಒಬ್ಬಳೇ ಕೂತು ಹೇಗೆ ಅತ್ತಳು, ಎಲ್ಲವನ್ನೂ ಹೇಳಿದಳು. ನಡುವೆ ಕೈಗಡಿಯಾರ ಎರಡು ಸಲ ನಡುಗಿತು. ಅವನು ನೋಡಲಿಲ್ಲ.

ಮರುದಿನ ಅಂಗಡಿಯಲ್ಲಿ ಕೂತು ಫೋನು ತೆಗೆದ. ಮುಂದಿನ ಗೌರಿ ಹುಣ್ಣಿಮೆಯ ಮರುದಿನವನ್ನು ಹುಡುಕಿದ. ಈ ಸಲ ಎಲ್ಲವನ್ನೂ ಬಿಡಿಸಿ ಬರೆಯಬೇಕೆಂದು ಮೊದಲು ಹೆಸರಿನಿಂದ ಶುರುಮಾಡಿದ. ಬರೆಯಲು ಹೆಸರಿರಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದು ಕೂತ. ಕೊನೆಗೆ ಏನನ್ನೂ ಬರೆಯದೆ ಫೋನು ಒಳಗಿಟ್ಟ. ಇಷ್ಟು ವರ್ಷ ಅಭ್ಯಾಸವಿಲ್ಲದ ತಲೆಯಲ್ಲಿ ಆ ಮಾತು ನಿಲ್ಲುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಬರೆದಿಡಲೇ ಎಂದು ಒಮ್ಮೆ ಅನ್ನಿಸುತ್ತದೆ. ಬೇಡ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಆ ಹುಡುಗಿಯ ಮುಖವನ್ನು ನೆನೆಯಲು ನೋಡುತ್ತಾನೆ. ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚನ್ನವೀರ ಮುಂದಿನದಕ್ಕೆ ಕಾದ.

"ಆಮೇಲೆ ಅವರು ಬಂದರೇ ಗುರುಗಳೇ? ಹುಡುಗಿಗೆ ಕನ್ನಡಕ ಸಿಕ್ಕಿತೇ?" ಎಂದು ಕೇಳಿದ.

"ಆ ಹುಣ್ಣಿಮೆ ಇನ್ನೂ ಬಂದಿಲ್ಲ," ಎಂದರು ಗುರುಗಳು.