ತಿರುವದೆ ಉಳಿದ ಹಾಳೆ

ಆ ವರ್ಷ ಶ್ರಾವಣ ಮಾಸದ ಒಂಬತ್ತನೆಯ ದಿನ, ಸಂಜೆ ಆರೂವರೆಯ ಸುಮಾರಿಗೆ, ಬಿಳಿಗುಡ್ಡದ ಮಠದಲ್ಲಿ ತಿರುವಬೇಕಾಗಿದ್ದ ಹಾಳೆಯೊಂದು ತಿರುವದೆ ಉಳಿಯಿತು. ಪ್ರಾಣಹಾನಿ ಆಗಲಿಲ್ಲ. ಆದರೂ ಸುತ್ತಲಿನ ಏಳು ಹಳ್ಳಿಗಳಲ್ಲಿ ವಾರಗಟ್ಟಲೆ ಇದೇ ಮಾತಾಯಿತು.

ಮಠದ ಗುರುಗಳಾದ ಶ್ರೀ ಸಿದ್ಧಪಾದ ಅಜ್ಜನವರು ಆ ಹೊತ್ತಿನಲ್ಲಿ ದಾಸೋಹದ ಅಡುಗೆಮನೆಯ ಹೊಸ್ತಿಲ ಬಳಿ, ಗೋಣಿತಟ್ಟಿನ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಭಕ್ತರೊಬ್ಬರು ಮಾಡಿಸಿಕೊಟ್ಟ ಸಿಂಹಾಸನವೂ ಮಠದಲ್ಲಿತ್ತು. ಅದರ ಮೇಲೆ ಹಪ್ಪಳ ಒಣಗಿಸಲು ಅಜ್ಜನವರು ಅಪ್ಪಣೆ ಕೊಟ್ಟಿದ್ದರು. ಎಪ್ಪತ್ತು ದಾಟಿದ ಮೇಲೆ ಅವರು ಬಳೆಗಾರನೊಬ್ಬನಿಂದ ಮರಾಠಿ ಕಲಿಯತೊಡಗಿದ್ದರು. ತಪ್ಪು ಓದಿದರೆ ಅವನಿಂದ ಬೈಸಿಕೊಳ್ಳುತ್ತಿದ್ದರು. ಆ ವರ್ಷವೇ ಮಠದ ಖಾಲಿ ದನದ ಕೊಟ್ಟಿಗೆಯನ್ನು ಸಾರಿಸಿ, ಮಧ್ಯಾಹ್ನ ಮೂರಕ್ಕೆ ದೊಡ್ಡವರಿಗಾಗಿ ಅಕ್ಷರಶಾಲೆ ತೆರೆದಿದ್ದರು.

ಈ ಶಾಲೆಯನ್ನು ಕಂಡರಾಗದವರು ಊರಲ್ಲಿ ಒಬ್ಬರಿದ್ದರು. ಅವರೇ ಪುರಾಣದ ಮುರಿಗೆಪ್ಪನವರು. ಮಠದ ಮೂಲ ಗುರುಗಳ ಪುರಾಣವನ್ನು ಪ್ರತಿ ಶ್ರಾವಣದ ಮೊದಲ ದಿನದಿಂದ ಕೊನೆಯ ದಿನದವರೆಗೆ ಗದ್ದುಗೆಯ ಮುಂದೆ ಕುಳಿತು ಓದುವ ಹಕ್ಕು ಅವರದು. ಅಪ್ಪನಿಂದ ಬಂದದ್ದು, ಅವರ ಕೈಯಲ್ಲಿ ಮೂವತ್ತೊಂದು ವರ್ಷ ನಡೆದಿತ್ತು. ಊರು ಅವರಿಗೆ ಮದುವೆಯಲ್ಲಿ ಮೊದಲ ತಾಂಬೂಲ ಕೊಡುತ್ತಿದ್ದುದು ಇದೊಂದೇ ಕಾರಣಕ್ಕೆ. ಅಕ್ಷರಶಾಲೆಗೆ ಹೊರಟ ಮುದುಕ ಮುದುಕಿಯರನ್ನು ಅವರು ಕಟ್ಟೆಯ ಮೇಲಿಂದ ಮಾತಾಡಿಸುತ್ತಿದ್ದರು: "ಹಣ್ಣೆಲಿಗೆ ಹಸರ ಬಣ್ಣ ಬಳದ್ರ ಗಿಡಕ್ಕ ಹತ್ತಿಕೊಳ್ತದೇನು?"

ಮುರಿಗೆಪ್ಪನವರಿಗೆ ಓದಲು ಬರುತ್ತಿರಲಿಲ್ಲ.

ಈ ಸಂಗತಿ ಊರಲ್ಲಿ ಒಬ್ಬರಿಗೇ ಗೊತ್ತೆಂದು ಅವರು ನಂಬಿದ್ದರು. ಆ ಒಬ್ಬರು ತಾವೇ. ಹೆಂಡತಿಗೂ ಹೇಳಿರಲಿಲ್ಲ. ಮನೆಗೆ ಕಾಗದ ಬಂದರೆ ಅವರ ಕನ್ನಡಕ ಮಠದಲ್ಲಿರುತ್ತಿತ್ತು. ಮಠಕ್ಕೆ ಕಾಗದ ಬಂದರೆ ಮನೆಯಲ್ಲಿರುತ್ತಿತ್ತು. ಪುರಾಣವನ್ನು ಅವರು ಅಪ್ಪನ ಬಾಯಿಂದ ಕೇಳಿ ಕೇಳಿಯೇ ಹೊಟ್ಟೆಗೆ ಹಾಕಿಕೊಂಡಿದ್ದರು. ನಾಲ್ಕು ಪದ್ಯ ಹೇಳಿ ಒಂದು ಹಾಳೆ ತಿರುವುವುದು ಅಪ್ಪನ ಕ್ರಮ. ಮಗನೂ ಹಾಗೇ ತಿರುವಿದ. ಪುರಾಣ ಮುಗಿದಾಗ ಪುಸ್ತಕವೂ ಮುಗಿಯುತ್ತಿತ್ತು.

ಆದರೆ ಆ ಶ್ರಾವಣಕ್ಕೆ ಭಕ್ತರೊಬ್ಬರು, ವಯಸ್ಸಾದ ಮುರಿಗೆಪ್ಪನವರ ಕಣ್ಣಿಗೆ ತ್ರಾಸಾಗಬಾರದೆಂದು, ದಪ್ಪಕ್ಷರದ ಹೊಸ ಪುಸ್ತಕ ಅಚ್ಚು ಹಾಕಿಸಿ ತಂದರು. ಅದರಲ್ಲಿ ಹಾಳೆಗೆ ಎರಡೇ ಪದ್ಯ. ಇಷ್ಟು ದೊಡ್ಡ ಉಪಕಾರವನ್ನು ಮುರಿಗೆಪ್ಪನವರಿಗೆ ಅದುವರೆಗೆ ಯಾರೂ ಮಾಡಿರಲಿಲ್ಲ. ಅವರು ವಾಡಿಕೆಯಂತೆ ನಾಲ್ಕು ಪದ್ಯಕ್ಕೊಮ್ಮೆ ತಿರುವುತ್ತ ಹೋದರು. ಪುರಾಣ ಮುಂದೆ ಹೋಯಿತು. ಪುಸ್ತಕ ಹಿಂದೆ ಉಳಿಯಿತು.

ಒಂಬತ್ತನೆಯ ಸಂಜೆ ಕೆಂಚವ್ವ ದೀಪಕ್ಕೆ ಎಣ್ಣೆ ಹಾಕಲು ಬಂದಳು. ದಾಸೋಹದಲ್ಲಿ ರೊಟ್ಟಿ ಬಡಿಯುವ ಈಕೆಗೆ ಐವತ್ತೆಂಟು ವರ್ಷ. ಓದು ಕಲಿತು ಎರಡು ತಿಂಗಳು. ಸಾಬೂನಿನ ಕಾಗದ, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು. ಏನೂ ಸಿಗದ ದಿನ ಉಪ್ಪಿನ ಚೀಲವನ್ನೇ ಎರಡು ಸಲ ಓದುತ್ತಿದ್ದಳು. ಎಣ್ಣೆ ಹಾಕುತ್ತ ಬಗ್ಗಿದವಳು ಹಾಳೆಯ ನೆತ್ತಿಯ ಮೇಲಿನ ಅಕ್ಷರಗಳನ್ನು ಕೂಡಿಸಿದಳು. ಮುರಿಗೆಪ್ಪನವರು ಆಗ ಗುರುಗಳು ಹಿಮಾಲಯದಲ್ಲಿ ತಪಸ್ಸಿಗೆ ಕೂತ ಪ್ರಸಂಗವನ್ನು ಕಣ್ಣು ಅರೆಮುಚ್ಚಿ ಹಾಡುತ್ತಿದ್ದರು.

"ಯಣ್ಣಾ," ಎಂದಳು ಕೆಂಚವ್ವ, "ಇಲ್ಲಿ ಗುರುಗಳು ಇನ್ನೂ ತೊಟ್ಟಿಲದಾಗ ಅದಾರ. ನಾಮಕರಣಾನ ಆಗಿಲ್ಲ. ಹಿಮಾಲಯಕ್ಕ ಕಳಿಸಿಬಿಟ್ಟಿಯಲ್ಲೋ!"

ಇನ್ನೂರು ಜನ ಪುಸ್ತಕದತ್ತ ಕತ್ತು ಚಾಚಿದರು.

"ಎಣ್ಣಿ ಹಾಕಾಕ ಬಂದಾಕಿ ಎಣ್ಣಿ ಹಾಕು," ಎಂದರು ಮುರಿಗೆಪ್ಪನವರು.

"ಹಾಕೇನಿ. ಇನ್ನ ನೀ ಹಾಳಿ ತಿರುವು."

ಜನ ನಕ್ಕರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಮುರಿಗೆಪ್ಪಣ್ಣಾ, ಆ ತೊಟ್ಟಿಲದ ಪದಾನ ಓದಿ ತೋರಸು, ವಾದ ಮುಗೀತದ!"

ಮುರಿಗೆಪ್ಪನವರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಹಾಳೆಯ ಮೇಲೆ ಅಕ್ಷರಗಳು ಬಿತ್ತಿದ ಜೋಳಕ್ಕೆ ಇಳಿದ ಗುಬ್ಬಿಗಳಂತೆ ಕೂತಿದ್ದವು. ಒಂದರ ಗುರುತೂ ಅವರಿಗಿರಲಿಲ್ಲ. ತೊಟ್ಟಿಲಿನ ಪದ್ಯಗಳು ಅವರಿಗೆ ಬಾಯಿಪಾಠವೇ. ಆದರೆ ಈ ಹಾಳೆ ಅವುಗಳಲ್ಲಿ ಯಾವುದರಿಂದ ಶುರುವಾಗುತ್ತದೆ? ಮೂವತ್ತೊಂದು ವರ್ಷದ ಮರ್ಯಾದೆ ಈಗ ಹೋಗುತ್ತದೆ ಎಂದುಕೊಂಡರು. ಅಪ್ಪನದೂ ಜೊತೆಗೆ ಹೋಗುತ್ತದೆ.

ಅಷ್ಟರಲ್ಲಿ ಅಜ್ಜನವರು ಕೈಯಲ್ಲಿ ಮೆಂತ್ಯದ ಕಟ್ಟು ಹಿಡಿದೇ ಎದ್ದು ಬಂದರು. ಪುಸ್ತಕವನ್ನು ನೋಡಿದರು. ಮುರಿಗೆಪ್ಪನವರನ್ನು ನೋಡಿದರು.

"ಮುರಿಗೆಪ್ಪನ ಪುರಾಣ ಮೂವತ್ತೊಂದು ವರ್ಷ ಕೇಳೇವಿ. ಈ ಪುಸ್ತಕ ಒಂಬತ್ತು ದಿನದ್ದು. ಇದನ್ನ ಯಾರರ ಪರೀಕ್ಷಾ ಮಾಡೀರೇನು?"

ಯಾರೂ ಮಾಡಿರಲಿಲ್ಲ.

"ಹಂಗಾರ ಮುರಿಗೆಪ್ಪ ಒಂದೊಂದು ಅಕ್ಷರಾ ನೋಡಿ ಇದನ್ನ ತಿದ್ದಲಿ. ಅಲ್ಲೀತನಕ ಪುರಾಣ ಬಾಯಿಲೆ ನಡೀಲಿ," ಎಂದು ಪುಸ್ತಕವನ್ನು ಮುಚ್ಚಿ ಅವರ ತೊಡೆಯ ಮೇಲಿಟ್ಟರು.

ಅಜ್ಜನವರು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಮಾನ ಉಳಿಸಲು ಸುಳ್ಳು ಹೇಳುವುದು ನಮ್ಮಂಥವರಿಗೂ ಬರುತ್ತದೆ. ನಿಜ ಹೇಳಿಯೇ ಉಳಿಸುವುದಕ್ಕೆ ತಪಸ್ಸು ಬೇಕು.

ಜನ ಊಟಕ್ಕೆ ಏಳುತ್ತಲೇ ಮುರಿಗೆಪ್ಪನವರು ಹೊಸ್ತಿಲ ಬಳಿ ಹೋಗಿ, ಮತ್ತೆ ಸೊಪ್ಪಿಗೆ ಕುಳಿತಿದ್ದ ಅಜ್ಜನವರ ಪಾದ ಹಿಡಿದರು. "ಅಜ್ಜಾರ, ನನಗ ಓದಾಕ ಬರೂದಿಲ್ಲ."

"ಗೊತ್ತೈತಿ," ಎಂದರು ಅಜ್ಜನವರು, ಸೊಪ್ಪಿನಿಂದ ಕಣ್ಣೆತ್ತದೆ. "ಹನ್ನೊಂದು ವರ್ಷದ ಹಿಂದ ದೀಪ ಆರಿತ್ತು. ನೀ ಓದೂದು ನಿಲ್ಲಸಲಿಲ್ಲ."

ಅಂದು ಕತ್ತಲಲ್ಲಿ ಪುರಾಣ ಓದಿದ್ದನ್ನು ಭಕ್ತರು ಪವಾಡವೆಂದು ಬಗೆದು ಮುರಿಗೆಪ್ಪನವರಿಗೆ ಶಾಲು ಹೊದಿಸಿದ್ದರು.

"ನಾಳೆ ಮೂರಕ್ಕ ಬಾ. ಪಾಟಿ, ಬಳಪ ನಾ ಕೊಡತೇನಿ."

"ಕೊಟ್ಟಿಗ್ಯಾಗ ಕೆಂಚವ್ವ ಇರ್ತಾಳಲ್ಲರೀ..."

"ಆಕೀ ಬಾಜೂಕ ಕುಂದ್ರು. ಆಕೀಗೆ ಬರತೈತಿ."

ಮರುದಿನ ಮುರಿಗೆಪ್ಪನವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕೊಟ್ಟಿಗೆ ಹೊಕ್ಕರು. ಪುಸ್ತಕ ಪರೀಕ್ಷೆಗೆ ಕರಿಹಲಗೆ ಬೇಕಾಗುತ್ತದೆಂದು ಊರು ಅರ್ಥ ಮಾಡಿಕೊಂಡಿತು. ಅವರ ಮೊದಲ 'ಅ' ಪಾಟಿಯ ತುಂಬ ಹರಡಿತು.

"ಯಣ್ಣಾ, ಹೊಟ್ಟಿ ಭಾಳ ಬಂದೈತಿ ಅದಕ್ಕ," ಎಂದಳು ಕೆಂಚವ್ವ.

"ನಿನ್ನ ರೊಟ್ಟಿ ತಿಂದು."

ಕೆಂಚವ್ವನಿಗೆ ಆ ಮೊದಲ 'ಅ' ನೋಡುತ್ತಲೇ ಎಲ್ಲ ತಿಳಿಯಿತು. ಮುರಿಗೆಪ್ಪನವರಿಗೆ ಅವಳ ಬಾಯಿ ಎಂಥದೆಂದು ಗೊತ್ತಿತ್ತು. ಎಂಟು ದಿನ ನಿದ್ದೆ ಬರಲಿಲ್ಲ. ಒಂಬತ್ತನೆಯ ದಿನ ಅವಳೇ ಮೆಲ್ಲಗೆ ಅಂದಳು: "ಆವತ್ತ ನನಗ ತಿಳೀಲಿಲ್ಲಪಾ. ತಿಳಿದಿದ್ರ ಎಣ್ಣಿ ಹಾಕಿ ಸುಮ್ಮನ ಹೋಗತಿದ್ದೆ." ಮತ್ತೆ ಆ ವಿಷಯ ಎತ್ತಲಿಲ್ಲ. ಬೇರೆ ಎಲ್ಲ ವಿಷಯ ಎತ್ತಿದಳು.

ಸಂಕ್ರಾಂತಿಯ ಹೊತ್ತಿಗೆ ಮುರಿಗೆಪ್ಪನವರು ಬೆರಳಿಟ್ಟು ಮೊದಲ ಪದ್ಯ ಓದಿದರು. ಅರ್ಧ ತಾಸು ಹಿಡಿಯಿತು. ಇಷ್ಟು ವರ್ಷ ಅಪ್ಪನ ದನಿಯಾಗಿಯೇ ಇದ್ದ ಪದ, ಯಾರ ದನಿಯೂ ಇಲ್ಲದೆ ಹಾಳೆಯ ಮೇಲೆ ಸುಮ್ಮನೆ ಮಲಗಿತ್ತು. ಅವರು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಕೆಂಚವ್ವ ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಪರೀಕ್ಷೆ ಮುಗಿದಾಗ ಪುಸ್ತಕಕ್ಕೂ ಮುರಿಗೆಪ್ಪನವರ ಬಾಯಿಗೂ ಹದಿನೇಳು ಕಡೆ ಹೊಂದಿಕೆಯಾಗಲಿಲ್ಲ. ಅಜ್ಜನವರು ಮಠದ ತಾಡವೋಲೆ ತೆಗೆಸಿ ಅವರಿಂದಲೇ ತಾಳೆ ನೋಡಿಸಿದರು. ಹನ್ನೊಂದು ತಪ್ಪು ಅಚ್ಚಿನವರದು, ಆರು ಮುರಿಗೆಪ್ಪನವರದು. ಆ ಆರು ಅಪ್ಪನಿಂದಲೇ ಬಂದವು. ಅಪ್ಪನಿಗೆ ಓದಲು ಬರುತ್ತಿತ್ತೇ ಎಂದು ಅವರು ಯಾರನ್ನೂ ಕೇಳಲಿಲ್ಲ.

ಮುಂದಿನ ಶ್ರಾವಣದ ಮೊದಲ ದಿನ ಮುರಿಗೆಪ್ಪನವರು ಗದ್ದುಗೆಗೆ ನಮಸ್ಕರಿಸಿ ಜನರತ್ತ ತಿರುಗಿದರು. "ಇಷ್ಟು ವರ್ಷ ನಾ ಓದಿಲ್ಲ, ಹೇಳೇನಿ. ಅದರಾಗ ಆರು ತಪ್ಪು," ಎಂದು ಆರನ್ನೂ ಒಂದೊಂದಾಗಿ ಒಪ್ಪಿಸಿದರು. ಸಭೆ ಏನು ಮಾಡಬೇಕೆಂದು ತಿಳಿಯದೆ ಅಜ್ಜನವರ ಮುಖ ನೋಡಿತು. ಅಜ್ಜನವರು ಗೋಣಿತಟ್ಟಿನ ಮೇಲಿಂದ ಕೈಮುಗಿದರು. ಸಭೆಯೂ ಕೈಮುಗಿಯಿತು. ಮುರಿಗೆಪ್ಪನವರು ಪುಸ್ತಕ ತೆರೆದು, ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಓದತೊಡಗಿದರು.

ಆ ವರ್ಷದ ಪುರಾಣ ಕಾರ್ತಿಕ ಬಹುಳ ಪಂಚಮಿಯಂದು ಮುಕ್ತಾಯವಾಯಿತು.