ಮಾವಿನ ಕಾಲದಲ್ಲಿ ಆಲಿಕಲ್ಲು ಬೀಳುವುದೇಕೆ

ಲೋಕ ಆಗ ತೀರಾ ಹೊಸದು. ಬೆಟ್ಟಗಳ ಮೈ ಇನ್ನೂ ಮೆತ್ತಗಿತ್ತು. ಕಡಲಿಗೆ ಉಪ್ಪು ಬೆರೆಸಿ ಮುಗಿದಿರಲಿಲ್ಲ. ಹೊಳೆ, ಗಾಳಿ, ಮರ, ಗೆಡ್ಡೆ ಎಲ್ಲಕ್ಕೂ ಮಾತು ಬರುತ್ತಿತ್ತು. ಹೇಳುವುದೇನಾದರೂ ಇದ್ದಾಗ ಅವು ಹೇಳುತ್ತಿದ್ದವು, ಇಲ್ಲದಿದ್ದಾಗ ಸುಮ್ಮನಿರುತ್ತಿದ್ದವು.

ಆ ಕಾಲದಲ್ಲಿ ಸೂರ್ಯ ಆಕಾಶದಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಬೆಟ್ಟ ಇಳಿದು, ಮಧ್ಯಾಹ್ನ ಊರೊಳಗೆ ನಡೆದು, ಸಂಜೆ ಕಡಲಿನ ಕಡೆ ಹೋಗುತ್ತಿದ್ದ. ನಡೆದು ನಡೆದು ಅವನಿಗೆ ಬಾಯಾರುತ್ತಿತ್ತು. ಬಾಯಾರಿದಾಗ ಯಾರದಾದರೂ ಮನೆಯ ಜಗಲಿಯಲ್ಲಿ ಬಂದು ಕೂರುತ್ತಿದ್ದ.

ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಹೆಸರು ಕೇಳುವುದು ಆಮೇಲೆ. ಇದು ಆ ಊರಿನ ಕ್ರಮ. ಬಿಸಿಲೇ ಎದ್ದು ಬಂದರೂ ಕ್ರಮ ಕ್ರಮವೇ. ಸೂರ್ಯನಿಗೂ ಕೊಟ್ಟರು.

ಅವನು ಚೆಂಬು ಕುಡಿದ. ಕೊಡ ಕುಡಿದ. ಬಾವಿ ಕುಡಿದ. ಕೆರೆ ಕುಡಿದ. ಆದರೂ ತಣಿಯಲಿಲ್ಲ. ನೀರು ಅವನ ನಾಲಿಗೆ ಮುಟ್ಟುತ್ತಲೇ ಕುದಿಯುತ್ತಿತ್ತು, ಗಂಟಲಿಗೆ ಇಳಿಯುವುದು ಬರೀ ಹಬೆ.

"ಇನ್ನೂ ಬಾಯಾರಿಕೆ," ಎನ್ನುತ್ತಿದ್ದ ಸೂರ್ಯ. ಎದ್ದು ಮುಂದಿನ ಮನೆಗೆ ಹೋಗುತ್ತಿದ್ದ.

ಹೀಗೆ ಆ ವೈಶಾಖದಲ್ಲಿ ಊರಿಗೆ ಉಳಿದದ್ದು ಒಂದೇ ಹೊಳೆ. ಹೊಳೆಯ ದಂಡೆಯಲ್ಲಿ ಇದ್ದದ್ದು ಒಂದೇ ಮನೆ. ಆ ಮನೆಯ ಯಜಮಾನಿ ಪೂವಕ್ಕ.

ಪೂವಕ್ಕನ ಅಡುಗೆಮನೆಯಲ್ಲಿ ಸೌಟುಗಳು ಉದ್ದದ ಪ್ರಕಾರ ತೂಗುತ್ತಿದ್ದವು. ಅಕ್ಕಿಯಲ್ಲಿ ಕಲ್ಲು ಸಿಕ್ಕಿದ್ದಿಲ್ಲ. ಅರೆಬೆಂದದ್ದು ಅವಳ ಒಲೆಯಿಂದ ಇಳಿದದ್ದಿಲ್ಲ. ಸೊಸೆ ತುಂಬೆ ಮದುವೆಯಾಗಿ ಬಂದು ಮೂರು ವರ್ಷವಾಗಿದ್ದರೂ ಸೌಟು ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

ಒಂದು ಸಂಜೆ ಸೂರ್ಯ ಕಡಲಿಗೆ ಹೋಗುವ ದಾರಿಯಲ್ಲಿ ಪೂವಕ್ಕನ ಅಂಗಳದಾಚೆ ನಿಂತ.

"ಪೂವಕ್ಕ, ನಾಳೆ ಮಧ್ಯಾಹ್ನ ನಿಮ್ಮಲ್ಲಿಗೆ ಬರುತ್ತೇನೆ. ನಿಮ್ಮ ಹೊಳೆಯ ನೀರು ಸಿಹಿಯಂತೆ."

"ಬನ್ನಿ," ಎಂದಳು ಪೂವಕ್ಕ, ಬೆನ್ನು ನೆಟ್ಟಗೆ ಮಾಡಿ. "ಹೊಳೆಯನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ಈ ಜಗಲಿಯಿಂದ ಬಾಯಾರಿ ಎದ್ದವರಿಲ್ಲ. ನಾನೇ ತಣ್ಣಗೆ ಏನಾದರೂ ಮಾಡಿ ಬಡಿಸುತ್ತೇನೆ."

"ತಣ್ಣಗೆಯಾ?" ಸೂರ್ಯ ನಕ್ಕ. ಬೇಲಿಯ ಎಲೆಗಳು ಮುರುಟಿದವು. "ಒಂದೇ ಒಂದು ತುತ್ತು ತಣ್ಣಗೆ ನನ್ನ ಗಂಟಲಿಗೆ ಇಳಿಯಲಿ. ನಾನು ಆಕಾಶಕ್ಕೆ ಹತ್ತಿ ಕೂರುತ್ತೇನೆ. ಮತ್ತೆ ನೆಲಕ್ಕೆ ಕಾಲಿಡುವುದಿಲ್ಲ. ಇಳಿಯದಿದ್ದರೆ?"

"ಇಳಿಯದಿದ್ದರೆ ಹೊಳೆ ನಿಮ್ಮದು."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಪೂವಕ್ಕನಿಗೆ ಅದು ಎಷ್ಟು ದೊಡ್ಡ ಮಾತು ಎಂದು ತಿಳಿದದ್ದು. ಅಷ್ಟರಲ್ಲಿ ಸೂರ್ಯ ಹೊರಟುಹೋಗಿದ್ದ.

"ಅತ್ತೆ!" ತುಂಬೆ ಮೊರ ಕೆಳಗಿಟ್ಟಳು. "ಹೊಳೆ ಏನು ನಿಮ್ಮ ತವರಿನವರು ಕೊಟ್ಟ ಬಳುವಳಿಯಾ?"

"ಪೂವಕ್ಕ," ಎಂದಿತು ಹೊಳೆ ಕತ್ತಲಾಗುತ್ತಿದ್ದ ದಂಡೆಯಿಂದ, ಮೆಲ್ಲಗೆ. "ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ. ನನ್ನೊಳಗೆ ಮೀನುಗಳಿವೆ."

ಪೂವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ನಡೆದಳು.

ಹಿತ್ತಿಲಲ್ಲಿ ಮಾವಿನ ಮರ ಹಣ್ಣಿನ ಭಾರಕ್ಕೆ ಬಾಗಿತ್ತು. "ಎಷ್ಟು ಬೇಕೋ ಕೊಯ್ದುಕೊ," ಎಂದಿತು ಮರ. "ಆದರೆ ನನ್ನ ಹಣ್ಣು ಉಷ್ಣ. ತಂಪು ಹೊರುವವರು ಬೇರೆ ಯಾರಾದರೂ ಬೇಕು."

"ನಾನಿದ್ದೇನೆ," ಎಂದು ಮಣ್ಣಿನ ಒಳಗಿಂದ ಒಂದು ದನಿ ಬಂತು. ಅದು ಮರಗೆಣಸು. "ಹುಟ್ಟಿದಾಗಿನಿಂದ ಬಿಸಿಲು ಕಂಡವಳಲ್ಲ ನಾನು. ನನ್ನೊಳಗೆ ತಂಪು ಇದೆ. ಕಹಿಯೂ ಇದೆ. ತೊಳೆಯುವ ತಾಳ್ಮೆ ಇದ್ದರೆ ಅಗೆ, ಇಲ್ಲದಿದ್ದರೆ ಸುಮ್ಮನೆ ನನ್ನ ನಿದ್ದೆ ಕೆಡಿಸಬೇಡ."

ಅತ್ತೆ ಸೊಸೆ ಸೇರಿ ಅಗೆದರು. ಸಿಪ್ಪೆ ಸುಲಿದು, ತುರಿದು, ನೀರಲ್ಲಿ ಹಿಂಡಿದರು. ಹಾಲಿನಂಥ ನೀರನ್ನು ಅಲುಗಾಡಿಸದೆ ಬೆಳಗಿನವರೆಗೆ ಇಟ್ಟರು. ಕಹಿಯೆಲ್ಲ ಮೇಲಿನ ನೀರಿಗೆ ಬಂತು, ಬಿಳಿ ಹಿಟ್ಟು ತಳದಲ್ಲಿ ಕೂತಿತು.

"ಆ ನೀರನ್ನು ನನಗೆ ಚೆಲ್ಲಬೇಡಿ, ಮೀನು ಸತ್ತಾವು," ಎಂದಿತು ಹೊಳೆ. ದೂರದಲ್ಲಿ ಒಂದು ಗುಂಡಿ ತೋಡಿ ಚೆಲ್ಲಿದರು.

ಸೂರ್ಯ ಬೆಟ್ಟದ ತುದಿಗೆ ಬಂದ.

ಒದ್ದೆ ಹಿಟ್ಟನ್ನು ಪುಡಿ ಮಾಡಿ ಬಟ್ಟೆಯಲ್ಲಿ ಹಾಕಿದರು. ಒಂದು ತುದಿ ಪೂವಕ್ಕ ಹಿಡಿದಳು, ಇನ್ನೊಂದು ತುದಿ ತುಂಬೆ. ಗಾಳಿ ಬಂದು ನಡುವೆ ತೂಗಿತು. ತೂಗಿ ತೂಗಿ ಹಿಟ್ಟು ಉಂಡೆಗಟ್ಟಿತು, ಮಣಿ ಮಣಿಯಾಯಿತು. ಅದನ್ನು ಕಾದ ಕಾವಲಿಯ ಮೇಲೆ ಆಡಿಸಿ ಒಣಗಿಸಿದರು. ಇಂದು ನಾವು ಸಬ್ಬಕ್ಕಿ ಎನ್ನುವುದು ಅದನ್ನೇ.

"ಅತ್ತೆ, ಮುತ್ತಿನ ಹಾಗಿದೆ," ಎಂದಳು ತುಂಬೆ.

"ಮುತ್ತು ಆಮೇಲೆ. ಸೌಟು ಕೊಡು."

ಸೂರ್ಯ ಬೆಟ್ಟ ಇಳಿದ. ಬುಡದ ಹುಲ್ಲು ಹೊಗೆಯಾಡಿತು.

ನೀರು ಕುದಿಯಿತು. ಪೂವಕ್ಕ ಸಬ್ಬಕ್ಕಿ ಹಾಕಿ ತಿರುವಿದಳು. ಬಿಳಿ ಮಣಿಗಳ ಅಂಚು ಗಾಜಿನಂತಾಯಿತು, ನಡುವೆ ಬಿಳಿ ಚುಕ್ಕೆ ಉಳಿಯಿತು. ಬಿಳಿ ಉಳಿದರೆ ಬೆಂದಿಲ್ಲ ಎಂದು ಅವಳು ಮತ್ತಷ್ಟು ಬೇಯಿಸಿದಳು. ಒಂದು ಚುಕ್ಕೆಯೂ ಕಾಣದಂತಾದ ಮೇಲೆಯೇ ಇಳಿಸಿ, ಬಸಿದು, ತಣ್ಣೀರಲ್ಲಿ ಜಾಲಾಡಿದಳು.

ತುಂಬೆ ಮಾವಿನ ಹಣ್ಣು ಕಿವುಚಿ, ನಾರು ಬರದ ಹಾಗೆ ಬಟ್ಟೆಯಲ್ಲಿ ಸೋಸಿದಳು. ತೆಂಗಿನಕಾಯಿ ತುರಿದು ದಪ್ಪ ಹಾಲು ಹಿಂಡಿ ಬೆರೆಸಿದಳು. ಒಂದು ಮಡಕೆಯಲ್ಲಿ ಬರೀ ಮಾವಿನ ರಸ, ತೆಂಗಿನ ಹಾಲು. ಇನ್ನೊಂದರಲ್ಲಿ ಅದೇ ರಸಕ್ಕೆ ಸಬ್ಬಕ್ಕಿ. ಎರಡನ್ನೂ ಹಗ್ಗ ಕಟ್ಟಿ ಹೊಳೆಯ ಮಡುವಿಗೆ ಇಳಿಸಿದರು. ಆ ಮಡು ಎಷ್ಟು ಆಳವೆಂದರೆ ಅದರ ತಳದ ನೀರು ಹಗಲನ್ನೇ ಕಂಡಿರಲಿಲ್ಲ.

ಸೂರ್ಯ ಗದ್ದೆ ದಾಟಿದ. ಒಣಗಿದ ಹಳ್ಳದ ಮೇಲಿನ ಸಂಕ ದಾಟಿದ. ಸಂಕದ ಹಲಗೆ ಕರಕಲಾಯಿತು.

"ಪೂವಕ್ಕ, ಬಂದೆ."

"ಬನ್ನಿ, ಕೂತುಕೊಳ್ಳಿ," ಎಂದಳು ಪೂವಕ್ಕ. ಬೆಲ್ಲ ಮುಂದಿಟ್ಟಳು.

ಮೊದಲ ಮಡಕೆ ಮೇಲೆ ಬಂತು. ಮಾವಿನ ರಸವನ್ನು ಕಲ್ಲಿನ ಮರಿಗೆಗೆ ಸುರಿದು ಕೊಟ್ಟಳು. ಸೂರ್ಯ ಬಾಯಿಗಿಟ್ಟ. ರಸ ಕೊತಕೊತ ಕುದಿದು ಗೊಜ್ಜಾಯಿತು.

"ರುಚಿ ಇದೆ. ತಣ್ಣಗಿಲ್ಲ." ಅವನು ಕೈ ಚಾಚಿ ಹೊಳೆಯನ್ನು ಒಂದು ಗುಟುಕು ಕುಡಿದ. ನೀರಿಗಿಳಿಯುವ ಕಡವಿನ ಮೆಟ್ಟಿಲುಗಳು ಒಣಗಿ ಬಿರುಕುಬಿಟ್ಟವು.

ಎರಡನೆಯ ಮಡಕೆ ಬಂತು. ಸಬ್ಬಕ್ಕಿ ಗಾಜಿನ ಹಾಗೆ ಹೊಳೆಯುತ್ತಿತ್ತು, ಕಣ್ಣಿಗೆ ಒಂದು ಕುಂದೂ ಇರಲಿಲ್ಲ. ಸೂರ್ಯ ಬಾಯಿಗಿಟ್ಟ. ಮಣಿಗಳು ಕರಗಿ ಅಂಟಾದವು. ಅಂಟು ಹಲ್ಲಿಗೆ ಹಿಡಿಯಿತು.

"ಎಂಥದಿದು ಪೂವಕ್ಕ? ಬಾಯಿ ಬಿಡಲಿಕ್ಕೆ ಆಗುವುದಿಲ್ಲ!" ಸಿಟ್ಟಿನಿಂದ ಅವನು ಇನ್ನೊಂದು ಗುಟುಕು ಕುಡಿದ. ಈ ದಡದಿಂದ ಆ ದಡದವರೆಗೆ ಮರಳು ಕಂಡಿತು. ಹೊಳೆಯಲ್ಲಿ ಮಡು ಒಂದೇ ಉಳಿಯಿತು. ಮೀನುಗಳೆಲ್ಲ ಒಂದರ ಮೇಲೊಂದು ಬಿದ್ದು ಅದಕ್ಕೆ ಸೇರಿದವು.

"ಇನ್ನೊಮ್ಮೆ," ಎಂದಳು ಪೂವಕ್ಕ.

"ಇನ್ನೊಂದೇ ಒಮ್ಮೆ," ಎಂದ ಸೂರ್ಯ. ಅವನ ಕೈ ಮಡುವಿನ ಅಂಚಿನಲ್ಲೇ ಇತ್ತು.

ಒಳಗೆ ಉಳಿದದ್ದು ಒಂದು ಹಿಡಿ ಸಬ್ಬಕ್ಕಿ. ಪೂವಕ್ಕ ಕುದಿಯುವ ನೀರಿಗೆ ಹಾಕಿದಳು. ತಿರುವಿದಳು. ಮಣಿಗಳ ಅಂಚು ಗಾಜಾಯಿತು. ನಡುವೆ ಬಿಳಿ ಚುಕ್ಕೆ ನಿಂತಿತು.

"ಇಳಿಸಿ, ಅತ್ತೆ."

"ಕಣ್ಣು ಕಾಣುವುದಿಲ್ಲವಾ ನಿನಗೆ? ನಡುವೆ ಬಿಳಿ ಇದೆ. ಬೆಂದಿಲ್ಲ."

"ಬೆಂದದ್ದನ್ನು ಕೊಟ್ಟು ನೋಡಿ ಆಯಿತಲ್ಲ! ಪೂರ್ತಿ ಬೆಂದದ್ದು ಅವನ ಬಾಯಲ್ಲಿ ಕರಗದೆ ಇನ್ನೇನು ಮಾಡೀತು? ಇದಕ್ಕೆ ಬೇಯಲು ಇನ್ನೂ ಒಂದಿಷ್ಟು ಬಾಕಿ ಇದೆ. ಅವನ ಬಿಸಿಯೆಲ್ಲ ಆ ಬಿಳಿ ಚುಕ್ಕೆಯನ್ನು ಬೇಯಿಸುತ್ತಾ ಕೂರಲಿ. ಅಷ್ಟರೊಳಗೆ ತಂಪು ಗಂಟಲು ದಾಟುತ್ತದೆ."

"ಅತಿಥಿಗೆ ಅರೆಬೆಂದದ್ದಾ? ನನ್ನ ಮನೆಯಲ್ಲಾ?"

"ಪೂವಕ್ಕ," ಎಂದು ಹೊರಗಿನಿಂದ ಸೂರ್ಯ ಕರೆದ. "ಎಷ್ಟು ಹೊತ್ತು?"

ಪೂವಕ್ಕ ಸೌಟು ಹಿಡಿದು ನಿಂತಳು. ಅವಳ ಅತ್ತೆ, ಅತ್ತೆಯ ಅತ್ತೆ, ಯಾರೂ ಈ ಒಲೆಯಿಂದ ಅರೆಬೆಂದದ್ದನ್ನು ಇಳಿಸಿರಲಿಲ್ಲ. ಮಡುವಿನಲ್ಲಿ ಮೀನುಗಳು ಬಾಲ ಬಡಿಯುವ ಸದ್ದು ಕೇಳಿಸಿತು. ಮೊದಲು ಪಟಪಟ ಎಂದು. ಆಮೇಲೆ ನಿಧಾನವಾಗಿ.

ಬಿಳಿ ಚುಕ್ಕೆ ಸಣ್ಣದಾಗುತ್ತಿತ್ತು. ಸಾಸಿವೆಯಷ್ಟಾಯಿತು.

ಪೂವಕ್ಕ ಸೌಟನ್ನು ತುಂಬೆಯ ಕೈಗೆ ಕೊಟ್ಟಳು. "ನೀನೇ ಇಳಿಸು. ನನ್ನ ಕೈ ಬರುವುದಿಲ್ಲ."

ತುಂಬೆ ಇಳಿಸಿದಳು, ಬಸಿದಳು, ಮಡುವಿಗೆ ಓಡಿದಳು. "ಇರುವುದರಲ್ಲೇ ತಣ್ಣನೆಯದು ಕೊಡುತ್ತೇನೆ, ತಗೋ," ಎಂದು ಹೊಳೆ ತಳದ ಕೊನೆಯ ತಣ್ಣೀರನ್ನು ಅವಳ ಕೊಡಕ್ಕೆ ತುಂಬಿತು. ತಣ್ಣೀರು ಬಿದ್ದೊಡನೆ ಚುಕ್ಕೆಗಳು ಇದ್ದ ಹಾಗೇ ನಿಂತವು. ಮಾವಿನ ರಸ ಸೇರಿತು, ತೆಂಗಿನ ಹಾಲು ಸೇರಿತು. ಒದ್ದೆ ಬಟ್ಟೆ ಸುತ್ತಿದ ಮರಿಗೆಯ ಮೇಲೆ ಗಾಳಿ ಕೆನ್ನೆ ಉಬ್ಬಿಸಿ ಊದಿತು. ಕಲ್ಲಿನ ಮೈಯಲ್ಲಿ ಹನಿ ಮೂಡಿತು.

ಬಡಿಸಲು ಪೂವಕ್ಕನೇ ಬಂದಳು. ಮರಿಗೆ ಮುಂದಿಟ್ಟು, ಕೈ ಕಟ್ಟಿ ನಿಂತಳು.

"ಸೂರ್ಯಪ್ಪ, ಇದು ಪೂರ್ತಿ ಬೆಂದಿಲ್ಲ. ಬಡಿಸುವವಳು ಅದನ್ನು ಮುಚ್ಚಿಡಬಾರದು. ಅದಕ್ಕೇ ಹೇಳಿದೆ."

ಸೂರ್ಯ ಒಂದು ತುತ್ತು ಬಾಯಿಗಿಟ್ಟ.

ರಸ ಬಿಸಿಯಾಗತೊಡಗಿತು. ತುಂಬೆ ಪೂವಕ್ಕನ ಸೆರಗು ಹಿಡಿದುಕೊಂಡಳು. ಸೂರ್ಯನ ಬಿಸಿ ಮಣಿಗಳನ್ನು ಮುಟ್ಟಿತು, ಬಿಳಿ ಚುಕ್ಕೆ ಕಂಡಿತು, ಬೇಯಿಸಲು ನಿಂತಿತು. ಒಂದು ಚುಕ್ಕೆ ಬೇಯುವಷ್ಟರಲ್ಲಿ ಇನ್ನೊಂದು. ಅದು ಬೇಯುವಷ್ಟರಲ್ಲಿ ಮತ್ತೊಂದು. ಬಿಸಿ ಅಲ್ಲೇ ಸಿಕ್ಕಿಕೊಂಡಿತು. ಅದರ ಕಣ್ಣು ತಪ್ಪಿಸಿ ತಂಪು ಮೆಲ್ಲಗೆ ಗಂಟಲಿಗೆ ಜಾರಿತು.

ಸೂರ್ಯ ಕಣ್ಣು ಮುಚ್ಚಿದ. ಲೋಕದ ಮೇಲೆ ಮೊದಲ ಬಾರಿಗೆ ಹಗಲಲ್ಲಿ ಮಬ್ಬು ಕವಿಯಿತು.

"ತಣ್ಣಗಿದೆ," ಎಂದ ಸೂರ್ಯ, ತೀರಾ ಸಣ್ಣ ದನಿಯಲ್ಲಿ. "ಓ, ತಣ್ಣಗೆ ಎಂದರೆ ಹೀಗಾ!"

ಅವನು ಮಡುವಿನಿಂದ ಕೈ ತೆಗೆದ. ಮರಿಗೆಯನ್ನು ಕೊನೆಯ ಮಣಿಯವರೆಗೆ ಬಳಿದು ತಿಂದ. ಆಮೇಲೆ ಕೇಳಿದ, "ಮಾತು ಕೊಟ್ಟಿದ್ದೇನೆ, ಹೋಗುತ್ತೇನೆ. ಆದರೆ ಇನ್ನು ತಿನ್ನಬೇಕೆನಿಸಿದರೆ ಏನು ಮಾಡಲಿ? ಇದನ್ನು ಹೇಗೆ ಮಾಡಿದಿರಿ, ಪೂವಕ್ಕ?"

ಪೂವಕ್ಕ ತುಂಬೆಯನ್ನು ಮುಂದಕ್ಕೆ ಕರೆದಳು. "ನನ್ನನ್ನು ಕೇಳಬೇಡಿ. ನನ್ನ ಸೊಸೆಯನ್ನು ಕೇಳಿ."

ತುಂಬೆಯ ಮುಖ ಕೆಂಪಾಯಿತು. ಒಂದೊಂದಾಗಿ ಹೇಳಿಕೊಟ್ಟಳು. ಕೊನೆಯಲ್ಲಿ ಬೆರಳೆತ್ತಿ, ಥೇಟ್ ಅತ್ತೆಯ ದನಿಯಲ್ಲಿ ಹೇಳಿದಳು: "ಬಿಳಿ ಚುಕ್ಕೆ ಪೂರ್ತಿ ಹೋಗುವ ಮೊದಲೇ ಇಳಿಸಬೇಕು. ತಿಳಿಯಿತಾ? ಒಂದು ಕ್ಷಣವೂ ತಡ ಮಾಡಬಾರದು."

"ತಿಳಿಯಿತು," ಎಂದ ಸೂರ್ಯ, ವಿನಯದಿಂದ. ಬಗಲಿಗೆ ಒಂದಷ್ಟು ಮಾವಿನ ಹಣ್ಣು, ಮರಗೆಣಸು ಸೇರಿಸಿ ಆಕಾಶ ಹತ್ತಿದ.

ಅವನ ಹೊಟ್ಟೆಯಲ್ಲಿ ಬಾವಿ, ಕೆರೆ, ಹೊಳೆಗಳ ನೀರೆಲ್ಲ ಹಬೆಯಾಗಿ ಕೂತಿತ್ತು. ಗಂಟಲು ತಣ್ಣಗಾದೊಡನೆ ಆ ಹಬೆ ಮೋಡವಾಗಿ ಹೊರಗೆ ಬಂತು, ಮೋಡ ಮಳೆಯಾಗಿ ಸುರಿಯಿತು. ಬಾವಿಯದು ಬಾವಿಗೆ, ಕೆರೆಯದು ಕೆರೆಗೆ. ಸಂಜೆಯ ಹೊತ್ತಿಗೆ ಹೊಳೆ ಎರಡೂ ದಡ ಮುಟ್ಟಿ ಹರಿಯುತ್ತಿತ್ತು. ಮೀನುಗಳು ಮಡು ಬಿಟ್ಟು ಹೊರಟವು. ಪೂವಕ್ಕ ಕಡವಿನ ಮೆಟ್ಟಿಲಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೊಳೆಗೆ ಕೈಮುಗಿದಳು.

ಅಂದು ಹತ್ತಿದ ಸೂರ್ಯ ಮತ್ತೆ ನೆಲಕ್ಕೆ ಇಳಿದಿಲ್ಲ. ಆದರೆ ವರ್ಷಕ್ಕೊಮ್ಮೆ ಮಾವಿನ ಹಣ್ಣಿನ ವಾಸನೆ ಮೇಲಕ್ಕೆ ಏರುತ್ತದೆ. ಆಗ ಅವನಿಗೆ ತಡೆಯಲಾಗುವುದಿಲ್ಲ. ಯಾರ ಕಣ್ಣಿಗೂ ಬೀಳದಂತೆ ಸುತ್ತ ಕಪ್ಪು ಮೋಡದ ಪರದೆ ಎಳೆದುಕೊಂಡು ಒಲೆ ಹೂಡುತ್ತಾನೆ. ಅದಕ್ಕೇ ವೈಶಾಖದ ಉರಿಮಧ್ಯಾಹ್ನ ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ, ಅವನ ಪಾತ್ರೆಗಳ ಸದ್ದು ಗುಡುಗುಡು ಎಂದು ಕೇಳಿಸುತ್ತದೆ. ಗಂಡಸರ ಅಡುಗೆ, ಬಸಿಯುವಾಗ ಅರ್ಧ ಸಬ್ಬಕ್ಕಿ ಕೆಳಗೆ ಚೆಲ್ಲುತ್ತದೆ. ಹಾಗೆ ಅಂಗಳದಲ್ಲಿ ಟಪಟಪ ಬೀಳುವ ಆಲಿಕಲ್ಲನ್ನು ಕರಗುವ ಮೊದಲು ಅಂಗೈಯಲ್ಲಿ ಹಿಡಿದು ನೋಡಿ, ಮಕ್ಕಳೇ: ಸುತ್ತ ಗಾಜಿನ ಹಾಗಿದ್ದರೂ ನಟ್ಟನಡುವೆ ಒಂದು ಬಿಳಿ ಚುಕ್ಕೆ ಬೇಯದೆ ಉಳಿದಿರುತ್ತದೆ.